ಗೆರೆ ಬೀಳದ ತಪ್ಪುಗಳು: ಇಂಗ್ಲಿಷ್ ಆರ್ಟಿಕಲ್ ವಿಷಯದಲ್ಲಿ ಯಾವ ಉಪಕರಣ ಎಷ್ಟರಮಟ್ಟಿಗೆ ಆದೀತು

ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬರುವ ಪದ ‘ದಿ’. 1961ರಲ್ಲಿ ಅಚ್ಚಾದ ಅಮೆರಿಕನ್ ಬರಹಗಳಿಂದ ಕಟ್ಟಿದ ಬ್ರೌನ್ ಕಾರ್ಪಸ್ ಸುಮಾರು 10 ಲಕ್ಷ ಪದಗಳ ಸಂಗ್ರಹ. ಅದರಲ್ಲಿ ‘ದಿ’ ಒಂದೇ 69,971 ಸಲ ಇದೆ. ನೂರು ಪದಕ್ಕೆ ಹತ್ತಿರಹತ್ತಿರ ಏಳು. ಇದರ ಮೇಲೆ ‘ಎ’, ‘ಆ್ಯನ್’ ಬೇರೆ. ಆರ್ಟಿಕಲ್ ಎಂದರೆ ಈ ಮೂರು ಪದಗಳು. ಕನ್ನಡದಲ್ಲಿ ಈ ಮೂರಕ್ಕೂ ನೇರವಾದ ಪದ ಇಲ್ಲ. ಹಾಗಾಗಿ ಮುನ್ನೂರು ಪದದ ಒಂದು ಅರ್ಜಿ ಬರೆದು ಮುಗಿಸುವಷ್ಟರಲ್ಲಿ ಹಾಕಬೇಕೋ ಬಿಡಬೇಕೋ ಎಂಬ ಪ್ರಶ್ನೆ ಹತ್ತಾರು ಸಲ ಎದುರಾಗುತ್ತದೆ.

ಉತ್ತರ ಕೊಡುತ್ತೇವೆ ಎನ್ನುವ ಉಪಕರಣಗಳು ಮುಖ್ಯವಾಗಿ ನಾಲ್ಕು ಬಗೆ. ಪದದಡಿ ಗೆರೆ ಎಳೆಯುವ ವ್ಯಾಕರಣ ತಪಾಸಕಗಳು, ಕಲಿಯುವವರಿಗೆಂದೇ ಮಾಡಿದ ಲರ್ನರ್ಸ್ ಡಿಕ್ಷನರಿಗಳು, ಅನುವಾದ ಯಂತ್ರ ಮತ್ತು ಎಐ ಚಾಟ್‌ಗಳು, ಹಾಗೂ ಪುಸ್ತಕರಾಶಿಯಲ್ಲಿ ಪದಗುಚ್ಛ ಎಣಿಸಿ ತೋರಿಸುವ ಗೂಗಲ್ ಎನ್‌ಗ್ರಾಮ್ ವ್ಯೂವರ್. ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು: ಜನ ಹೆಚ್ಚು ನಂಬುವುದು ಗೆರೆಯನ್ನು, ಹೆಚ್ಚು ಕೆಲಸಕ್ಕೆ ಬರುವುದು ನಿಘಂಟಿನಲ್ಲಿ ಪದದ ಪಕ್ಕ ಇರುವ, ಪದ ಎಣಿಕೆಗೆ ಬರುತ್ತದೋ ಇಲ್ಲವೋ ಎಂದು ಹೇಳುವ, ಯಾರೂ ಕಣ್ಣೆತ್ತಿ ನೋಡದ ಪುಟ್ಟ ‘ಸಿ’ ಮತ್ತು ‘ಯು’ ಗುರುತುಗಳು. ಗೆರೆ ಎಳೆಯುವ ತಂತ್ರಾಂಶ ಕೆಟ್ಟದ್ದೇನಲ್ಲ. ಆದರೆ ಅದಕ್ಕೆ ಕಾಣುವುದು ವಾಕ್ಯ ಮಾತ್ರ. ‘ದಿ’ ಹಾಕಬೇಕೋ ಬೇಡವೋ ಎಂಬುದು ಓದುಗನಿಗೆ ಏನು ಗೊತ್ತಿದೆ ಎಂಬುದರ ಮೇಲೆ ನಿಂತಿದೆ.

ಇದನ್ನು ಕನ್ನಡದಲ್ಲೇ ನೋಡಬಹುದು. ‘ಮೇಜಿನ ಮೇಲೆ ಪುಸ್ತಕ ಇದೆ’ ಎಂದರೆ ಯಾವುದೋ ಒಂದು ಪುಸ್ತಕ. ಇಂಗ್ಲಿಷಿನಲ್ಲಿ ‘ಎ ಬುಕ್’. ‘ಪುಸ್ತಕ ಮೇಜಿನ ಮೇಲಿದೆ’ ಎಂದರೆ ಕೇಳುವವನಿಗೆ ಆಗಲೇ ಗೊತ್ತಿರುವ ಪುಸ್ತಕ. ಇಂಗ್ಲಿಷಿನಲ್ಲಿ ‘ದಿ ಬುಕ್’. ಪದಗಳು ಅವೇ, ಬದಲಾದದ್ದು ಜಾಗ. ಹಾಗೆಯೇ ‘ಪುಸ್ತಕ ಓದುತ್ತಿದ್ದಾಳೆ’ ಎನ್ನುವುದಕ್ಕೂ ‘ಪುಸ್ತಕವನ್ನು ಓದುತ್ತಿದ್ದಾಳೆ’ ಎನ್ನುವುದಕ್ಕೂ ಕಿವಿಗೆ ವ್ಯತ್ಯಾಸ ತಿಳಿಯುತ್ತದೆ. ದ್ವಿತೀಯಾ ವಿಭಕ್ತಿ ಸೇರಿದ ಕೂಡಲೇ ಪುಸ್ತಕ ನಿರ್ದಿಷ್ಟವಾಗುತ್ತದೆ. ಅಂದರೆ ಇಂಗ್ಲಿಷ್ ಆರ್ಟಿಕಲ್ ಮಾಡುವ ಕೆಲಸವನ್ನು ಕನ್ನಡ ಪದಕ್ರಮ ಮತ್ತು ವಿಭಕ್ತಿಗಳಿಂದ ಮಾಡಿಸಿಕೊಳ್ಳುತ್ತದೆ. ಕನ್ನಡಿಗರಿಗೆ ಆರ್ಟಿಕಲ್ ಬುದ್ಧಿಯೇ ಇಲ್ಲ ಎನ್ನುವುದು ತಪ್ಪು. ಬುದ್ಧಿ ಇದೆ, ಅದನ್ನು ಪದವಾಗಿ ಇಳಿಸುವ ಅಭ್ಯಾಸ ಇಲ್ಲ ಅಷ್ಟೆ. ಯಾವ ತಪಾಸಕವೂ ಈ ಕನ್ನಡ ವಾಕ್ಯವನ್ನು ನೋಡಿರುವುದಿಲ್ಲ. ಅದರ ಮುಂದೆ ಇರುವುದು ಆರ್ಟಿಕಲ್ ಬಿಟ್ಟುಹೋದ ಇಂಗ್ಲಿಷ್ ಸಾಲು ಮಾತ್ರ.

ಗೆರೆ ಎಳೆಯುವ ತಂತ್ರಾಂಶಗಳು

ಸುಲಭದ್ದರಿಂದ ಶುರು ಮಾಡೋಣ. ‘ಎ’ ಮತ್ತು ‘ಆ್ಯನ್’ ನಡುವಿನ ಆಯ್ಕೆ ಪೂರ್ತಿ ಉಚ್ಚಾರಣೆಗೆ ಸೇರಿದ್ದು, ಕಾಗುಣಿತಕ್ಕಲ್ಲ. ತಪಾಸಕಗಳು ಎಲ್ಲಕ್ಕಿಂತ ಚೆನ್ನಾಗಿ ಮಾಡುವ ಕೆಲಸ ಇದೇ. ಲ್ಯಾಂಗ್ವೇಜ್‌ಟೂಲ್ ಎಂಬ ತಪಾಸಕ ಮುಕ್ತ ತಂತ್ರಾಂಶವಾದ್ದರಿಂದ ಅದರ ಒಳಗನ್ನು ತೆರೆದು ನೋಡಬಹುದು: ಬರಿಯ ಮೊದಲಕ್ಷರ ನೋಡಿದರೆ ಮೋಸ ಹೋಗುವ ಪದಗಳಿಗೆಂದೇ ಎರಡು ಸಾದಾ ಪಠ್ಯ ಕಡತಗಳಿವೆ, ಒಂದರಲ್ಲಿ ‘ಎ’ ಬೇಕಾದವು, ಇನ್ನೊಂದರಲ್ಲಿ ‘ಆ್ಯನ್’ ಬೇಕಾದವು. ‘ಅವರ್’, ‘ಆನೆಸ್ಟ್’, ‘ಯೂನಿವರ್ಸಿಟಿ’, ‘ಯುರೋಪಿಯನ್’ ತರಹದ ಪದಗಳು ಹೀಗೆ ಪಟ್ಟಿಯಿಂದಲೇ ಸರಿಹೋಗುತ್ತವೆ. ಎಡವುವುದು ಪಟ್ಟಿಗೆ ಸಿಗದ ಸಂಕ್ಷಿಪ್ತ ರೂಪಗಳಲ್ಲಿ, ಅಂಕಿಗಳಲ್ಲಿ ಮತ್ತು ಹೊಸ ಹೆಸರುಗಳಲ್ಲಿ. 8, 11, 18, 80 ಇವುಗಳಿಗೆ ‘ಆ್ಯನ್’. 1, 10, 100ಕ್ಕೆ ‘ಎ’. ಎಸ್‌ಕ್ಯೂಎಲ್ ಎಂಬ ಕಂಪ್ಯೂಟರ್ ಭಾಷೆಯ ಹೆಸರನ್ನು ಅಕ್ಷರ ಬಿಡಿಸಿ ಓದುವವರು ‘ಆ್ಯನ್’ ಬರೆಯಬೇಕು, ಅದನ್ನೇ ‘ಸೀಕ್ವೆಲ್’ ಎಂದು ಓದುವವರು ‘ಎ’. ನೀವು ಹೇಗೆ ಓದುತ್ತೀರಿ ಎಂದು ತಂತ್ರಾಂಶ ಕೇಳುವುದಿಲ್ಲ. ‘ಹರ್ಬ್’ ಪದಕ್ಕೆ ಅಮೆರಿಕನ್ನರು ಹಕಾರ ನುಂಗಿ ‘ಆ್ಯನ್’ ಹಾಕುತ್ತಾರೆ, ಬ್ರಿಟಿಷರು ಹಕಾರ ಉಚ್ಚರಿಸಿ ‘ಎ’ ಹಾಕುತ್ತಾರೆ. ಹಾಗಾಗಿ ಮೊದಲ ಕೆಲಸ ತಪಾಸಕದ ಭಾಷಾ ಆಯ್ಕೆಯಲ್ಲಿ ಬ್ರಿಟಿಷ್ ಅಥವಾ ಅಮೆರಿಕನ್ ಎಂದು ಗುರುತು ಮಾಡುವುದು. ಅದನ್ನು ಮಾಡದೆ ಗೆರೆ ಬಂದಿತೆಂದು ತಿದ್ದುವವರೇ ಹೆಚ್ಚು.

ಕನ್ನಡ ಬಲ್ಲವರಿಗೆ ಇದಕ್ಕಿಂತ ಸುಲಭದ ಪರೀಕ್ಷೆ ಒಂದಿದೆ. ಮುಂದಿನ ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಸ್ವರಾಕ್ಷರದಿಂದ ಶುರುವಾದರೆ ‘ಆ್ಯನ್’, ವ್ಯಂಜನದಿಂದ ಶುರುವಾದರೆ ‘ಎ’. ಎಂಎಲ್‌ಎ, ಎಕ್ಸ್‌ರೇ, ಎಫ್‌ಐಆರ್, ಎಲ್‌ಇಡಿ ಎಲ್ಲಕ್ಕೂ ‘ಆ್ಯನ್’. ಯುಆರ್‌ಎಲ್, ಯೂನಿಟ್, ಯೂನಿಫಾರ್ಮ್ ಎಲ್ಲಕ್ಕೂ ‘ಎ’. ನಮ್ಮ ಲಿಪಿ ಉಚ್ಚಾರಣೆಯನ್ನೇ ಹಿಡಿಯುವುದರಿಂದ ನೂರಕ್ಕೆ ತೊಂಬತ್ತು ಕಡೆ ಇದು ಸಾಕು. ಉಳಿದ ಕಡೆ ಕೈಕೊಡುವುದು ನಮ್ಮ ನಾಲಿಗೆಯ ರೂಢಿಯಿಂದ. ಕನ್ನಡದಲ್ಲಿ ‘ಒನ್’ ಎಂದು ಬರೆಯುತ್ತೇವೆ, ಇಂಗ್ಲಿಷಿನ ಸದ್ದು ‘ವನ್’. ಹಾಗಾಗಿ ‘ಎ ಒನ್-ವೇ ಸ್ಟ್ರೀಟ್’. ‘ಇಯರ್’ ಎಂದೇ ವರ್ಷವನ್ನೂ ಕಿವಿಯನ್ನೂ ಹೇಳುತ್ತೇವೆ. ಇಂಗ್ಲಿಷಿನಲ್ಲಿ ವರ್ಷಕ್ಕೆ ಮೊದಲು ಯಕಾರದ ಸದ್ದಿದೆ, ಆದ್ದರಿಂದ ವರ್ಷಕ್ಕೆ ‘ಎ’, ಕಿವಿಗೆ ‘ಆ್ಯನ್’. ‘ಆ್ಯನ್ ಇಯರ್ ಅಗೋ’ ಎಂಬ ತಪ್ಪಿನ ಬೇರು ಇಲ್ಲಿದೆ. ಇದಕ್ಕೆ ಉಲ್ಟಾ, ಮಾತಿನಲ್ಲಿ ‘ಎ’ಯನ್ನು ‘ಯೆ’ ಎಂದು ಎಳೆಯುವವರು ‘ಎ ಎಂಎಲ್‌ಎ’ ಎಂದು ಬರೆದುಬಿಡುತ್ತಾರೆ. ಅಂದಹಾಗೆ, ಈ ನಕಾರದ ಅಲೆದಾಟ ಇಂಗ್ಲಿಷರನ್ನೂ ಬಿಟ್ಟಿಲ್ಲ. ‘ಏಪ್ರನ್’ ಮೊದಲು ‘ನೇಪ್ರನ್’ ಆಗಿತ್ತು. ‘ಎ ನೇಪ್ರನ್’ ಎಂದದ್ದು ‘ಆ್ಯನ್ ಏಪ್ರನ್’ ಎಂದು ಕೇಳಿಸಿ ನಕಾರ ಕಳಚಿಕೊಂಡಿತು. ‘ಅಂಪೈರ್’ ಪದದ ತಲೆಯ ನಕಾರ ಹೋದದ್ದೂ ಹೀಗೆಯೇ.

ಎರಡನೆಯ ಹಂತ: ಎಣಿಕೆಗೆ ಬರುವ ಏಕವಚನ ನಾಮಪದ ಬೋಳಾಗಿ ನಿಂತಿದ್ದರೆ ಹಿಡಿಯುವುದು. ‘ಶಿ ಬಾಟ್ ಕಾರ್’ ಎಂಬುದಕ್ಕೆ ಒಳ್ಳೆಯ ತಪಾಸಕ ಗೆರೆ ಎಳೆಯುತ್ತದೆ. ಎಳೆದು ಸಾಮಾನ್ಯವಾಗಿ ‘ಎ’ ಸೂಚಿಸುತ್ತದೆ, ಕೆಲವೊಮ್ಮೆ ‘ಎ’, ‘ದಿ’ ಎರಡನ್ನೂ ಮುಂದಿಟ್ಟು ಕೈತೊಳೆದುಕೊಳ್ಳುತ್ತದೆ. ಎರಡೂ ವ್ಯಾಕರಣಕ್ಕೆ ಸರಿಯೇ. ಯಾವುದು ಬೇಕು ಎಂಬುದು ಹಿಂದಿನ ಪ್ಯಾರಾದಲ್ಲಿ ಆ ಕಾರಿನ ಮಾತು ಬಂದಿತ್ತೇ ಎಂಬುದರ ಮೇಲೆ. ಮೊದಲ ಆಯ್ಕೆಯನ್ನೇ ಒತ್ತುತ್ತಾ ಹೋದರೆ ಒಂದೇ ಕಾರು ಪುಟದುದ್ದಕ್ಕೂ ಪ್ರತಿ ಸಲ ಹೊಸ ಕಾರಾಗಿ ಬರುತ್ತದೆ.

ಎಣಿಕೆಗೆ ಬರದ ಪದಗಳಿಗೆ ‘ಎ’ ಅಂಟಿಸಿದರೆ ತಪಾಸಕಗಳು ಚುರುಕಾಗಿ ಹಿಡಿಯುತ್ತವೆ: ಇನ್ಫರ್ಮೇಷನ್, ಅಡ್ವೈಸ್, ಫರ್ನಿಚರ್, ಲಗೇಜ್, ಇಕ್ವಿಪ್‌ಮೆಂಟ್, ಹೋಂವರ್ಕ್, ಎವಿಡೆನ್ಸ್, ಫೀಡ್‌ಬ್ಯಾಕ್. ಕನ್ನಡದಲ್ಲಿ ‘ಒಂದು ಮಾಹಿತಿ’, ‘ಒಂದು ಸಲಹೆ’ ಸಲೀಸಾಗಿ ನಡೆಯುವುದರಿಂದ ಈ ಪಟ್ಟಿ ನಮಗೆ ಬಾಯಿಪಾಠ ಆಗಬೇಕು. ಆದರೆ ಇಲ್ಲೂ ಒಂದು ಗುಂಡಿ. ‘ಆ್ಯನ್ ಇನ್ಫರ್ಮೇಷನ್ ಡೆಸ್ಕ್’ ಪೂರ್ತಿ ಸರಿ, ಯಾಕೆಂದರೆ ಆರ್ಟಿಕಲ್ ಅಂಟಿರುವುದು ‘ಡೆಸ್ಕ್’ಗೆ, ‘ಇನ್ಫರ್ಮೇಷನ್’ಗಲ್ಲ. ‘ಎ ರಿಸರ್ಚ್ ಪೇಪರ್’ ಕೂಡ ಹೀಗೆಯೇ. ಆರ್ಟಿಕಲ್ ಯಾವತ್ತೂ ನಾಮಪದಗಳ ಸಾಲಿನ ಕೊನೆಯ ಪದಕ್ಕೆ ಸೇರಿದ್ದು. ‘ಫರ್ನಿಚರ್‌ಗೆ ಎ ಬರುವುದಿಲ್ಲ’ ಎಂದು ಉರುಹೊಡೆದವರು ‘ಎ ಫರ್ನಿಚರ್ ಶಾಪ್’ ಎಂಬಲ್ಲಿ ಇದ್ದದ್ದನ್ನೂ ಕಿತ್ತುಹಾಕುತ್ತಾರೆ.

ಗೆರೆಯೇ ಬೀಳದ ಜಾಗಕ್ಕೆ ಈಗ ಬರೋಣ. ‘ಐ ಹ್ಯಾಡ್ ಚಿಕನ್’ ಎಂದರೆ ಕೋಳಿಮಾಂಸ ತಿಂದೆ. ‘ಐ ಹ್ಯಾಡ್ ಎ ಚಿಕನ್’ ಎಂದರೆ ಒಂದಿಡೀ ಕೋಳಿ, ತಿಂದದ್ದೋ ಸಾಕಿದ್ದೋ ನಿಮಗೇ ಬಿಟ್ಟದ್ದು. ‘ಶಿ ಹ್ಯಾಸ್ ಗ್ರೇ ಹೇರ್’ ಎಂದರೆ ತಲೆ ನರೆತಿದೆ. ‘ಶಿ ಹ್ಯಾಸ್ ಎ ಗ್ರೇ ಹೇರ್’ ಎಂದರೆ ಒಂದೇ ಒಂದು ಬಿಳಿಕೂದಲು. ‘ಪೇಪರ್’ ಕಾಗದ, ‘ಎ ಪೇಪರ್’ ಪತ್ರಿಕೆ ಅಥವಾ ಪ್ರಬಂಧ. ‘ಐರನ್’ ಕಬ್ಬಿಣ, ‘ಆ್ಯನ್ ಐರನ್’ ಇಸ್ತ್ರಿಪೆಟ್ಟಿಗೆ. ‘ಎಕ್ಸ್‌ಪೀರಿಯೆನ್ಸ್’ ಕೆಲಸದ ಅನುಭವ, ‘ಆ್ಯನ್ ಎಕ್ಸ್‌ಪೀರಿಯೆನ್ಸ್’ ಬದುಕಿನ ಒಂದು ಪ್ರಸಂಗ. ‘ಫ್ಯೂ ಪೀಪಲ್ ಕೇಮ್’ ಎಂದರೆ ಹೆಚ್ಚು ಜನ ಬರಲಿಲ್ಲ ಎಂಬ ಬೇಸರ, ‘ಎ ಫ್ಯೂ ಪೀಪಲ್ ಕೇಮ್’ ಎಂದರೆ ಕೆಲವರಾದರೂ ಬಂದರು ಎಂಬ ಸಮಾಧಾನ. ಜೋಡಿಯ ಎರಡೂ ಸಾಲು ವ್ಯಾಕರಣಬದ್ಧ. ಆದ್ದರಿಂದ ತಪಾಸಕ ಸುಮ್ಮನಿರುತ್ತದೆ, ಸುಮ್ಮನಿದ್ದದ್ದನ್ನು ಬರೆದವರು ಒಪ್ಪಿಗೆ ಎಂದುಕೊಳ್ಳುತ್ತಾರೆ. ಅರ್ಜಿಯಲ್ಲಿ ‘ಐ ಹ್ಯಾವ್ ಲಿಟಲ್ ಎಕ್ಸ್‌ಪೀರಿಯೆನ್ಸ್’ ಎಂದು ಬರೆದವರು ತಮಗೆ ಅನುಭವ ಸಾಲದು ಎಂದು ತಾವೇ ಹೇಳಿಕೊಂಡಂತಾಯಿತು. ಒಂದು ‘ಎ’ ಸೇರಿಸಿದ್ದರೆ ಸ್ವಲ್ಪ ಅನುಭವವಿದೆ ಎಂದಾಗುತ್ತಿತ್ತು.

ಉಲ್ಟಾ ತಪ್ಪಿಗೂ ಗೆರೆ ಬೀಳುವುದು ಕಷ್ಟ. ಆರ್ಟಿಕಲ್ ಬಿಟ್ಟಿದ್ದಕ್ಕೆ ಬೈಸಿಕೊಂಡವರು ಕಂಡಲ್ಲೆಲ್ಲ ‘ದಿ’ ಎರಚಲು ಶುರು ಮಾಡುತ್ತಾರೆ: ‘ದಿ ಲೈಫ್ ಈಸ್ ಹಾರ್ಡ್’, ‘ದಿ ನೇಚರ್ ಈಸ್ ಬ್ಯೂಟಿಫುಲ್’, ‘ದಿ ಸೊಸೈಟಿ ಮಸ್ಟ್ ಚೇಂಜ್’. ಬದುಕು, ಪ್ರಕೃತಿ, ಸಮಾಜ ಎಂದು ಒಟ್ಟಾಗಿ ಹೇಳುವಾಗ ಇಂಗ್ಲಿಷಿನಲ್ಲಿ ಏನೂ ಬೇಡ. ‘ದಿ ಲೈಫ್ ಆಫ್ ಎ ಸೋಲ್ಜರ್’ ಎಂದು ಯಾರದೆಂದು ಗುರುತಿಸಿದಾಗ ‘ದಿ’ ಬರುತ್ತದೆ. ‘ದಿ ಸೊಸೈಟಿ’ ಎಂದರೆ ಒಂದು ನಿರ್ದಿಷ್ಟ ಸಂಘ ಎಂದೂ ಆಗುವುದರಿಂದ ತಂತ್ರಾಂಶಕ್ಕೆ ತಪ್ಪು ಎನ್ನಲು ಧೈರ್ಯ ಸಾಲದು.

ನಿಘಂಟಿನ ‘ಸಿ’ ಮತ್ತು ‘ಯು’

ಸಾಮಾನ್ಯ ಇಂಗ್ಲಿಷ್–ಕನ್ನಡ ನಿಘಂಟಿನಲ್ಲಿ ನಾಮಪದ ಎಂಬುದಕ್ಕೆ ‘ನಾ’ ಎಂದಷ್ಟೇ ಇರುತ್ತದೆ. ಆರ್ಟಿಕಲ್ ವಿಷಯಕ್ಕೆ ಅದು ಪ್ರಯೋಜನವಿಲ್ಲ. ಇಂಗ್ಲಿಷ್ ಮಾತೃಭಾಷೆಯವರಿಗಾಗಿ ಮಾಡಿದ ದೊಡ್ಡ ನಿಘಂಟುಗಳೂ ಇಲ್ಲಿ ಮಿತಭಾಷಿಗಳು, ಅವರಿಗೆ ಅದು ಹುಟ್ಟಿನಿಂದ ಗೊತ್ತು. ಬೇಕಾದದ್ದು ಆಕ್ಸ್‌ಫರ್ಡ್, ಕೇಂಬ್ರಿಜ್, ಲಾಂಗ್‌ಮನ್, ಕಾಲಿನ್ಸ್ ಕೋಬಿಲ್ಡ್ ತರಹದ ಕಲಿಯುವವರ ನಿಘಂಟು. ನಾಲ್ಕನ್ನೂ ಜಾಲದಲ್ಲಿ ಬಿಟ್ಟಿಯಾಗಿ ನೋಡಬಹುದು. ಕೇಂಬ್ರಿಜ್‌ನಲ್ಲಿ ಗುರುತು ಚಿಕ್ಕದು, ಚೌಕ ಆವರಣದೊಳಗೆ ‘ಸಿ’ ಎಂದರೆ ಎಣಿಕೆಯದು, ‘ಯು’ ಎಂದರೆ ಎಣಿಕೆಗೆ ಬರದ್ದು, ‘ಸಿ ಆರ್ ಯು’ ಎಂದರೆ ಎರಡೂ. ಆಕ್ಸ್‌ಫರ್ಡ್ ಮತ್ತು ಲಾಂಗ್‌ಮನ್ ಪುಟಗಳಲ್ಲಿ ‘ಕೌಂಟಬಲ್’, ‘ಅನ್‌ಕೌಂಟಬಲ್’ ಎಂದು ಪೂರ್ತಿ ಬರೆದಿರುತ್ತಾರೆ. 1987ರಲ್ಲಿ ಮೊದಲು ಬಂದ ಕೋಬಿಲ್ಡ್ ‘ವೇರಿಯಬಲ್ ನೌನ್’ ಎಂಬ ಮೂರನೆಯ ಗುರುತನ್ನೂ ಬಳಸುತ್ತದೆ. ಕಂಡವರಿಗೆ ಇದು ಅನಿಶ್ಚಿತ ಎಂದು ಅನಿಸೀತು. ಅರ್ಥ ಅದಲ್ಲ, ಒಟ್ಟಾಗಿ ಹೇಳುವಾಗ ಎಣಿಸದೆ, ಒಂದೊಂದನ್ನು ಹೇಳುವಾಗ ಎಣಿಸಿ ಬಳಸುವ ಪದ ಎಂದು.

ಓದುವ ಕ್ರಮದಲ್ಲೇ ಹೆಚ್ಚಿನವರು ತಪ್ಪುತ್ತಾರೆ. ಗುರುತು ಇಡೀ ಪದಕ್ಕಲ್ಲ, ಅರ್ಥಕ್ಕೆ ಸೇರಿದ್ದು. ‘ವರ್ಕ್’ ಪದದ ಪುಟದಲ್ಲಿ ಉದ್ಯೋಗ ಎಂಬ ಅರ್ಥಕ್ಕೆ ‘ಯು’, ಕಲಾಕೃತಿ ಎಂಬ ಅರ್ಥಕ್ಕೆ ‘ಸಿ’. ಪುಟದ ಮೇಲ್ಭಾಗ ನೋಡಿ ಮುಚ್ಚಿದರೆ ಅರ್ಧ ಸತ್ಯ ಸಿಕ್ಕಂತೆ. ಮೊದಲು ನಿಮ್ಮ ವಾಕ್ಯದ ಅರ್ಥ ಯಾವ ಅಂಕಿಯಡಿ ಇದೆ ಎಂದು ಹುಡುಕಿ, ಆಮೇಲೆ ಅದರ ಪಕ್ಕದ ಗುರುತು ನೋಡಿ, ಆಮೇಲೆ ವ್ಯಾಖ್ಯಾನ ಬಿಟ್ಟು ಉದಾಹರಣೆ ಸಾಲುಗಳಿಗೆ ಹೋಗಿ. ‘ಸಿಂಗ್ಯುಲರ್’ ಎಂಬ ಗುರುತಿನ ಜೊತೆ ದಪ್ಪಕ್ಷರದಲ್ಲಿ ‘ದಿ’ ಇದ್ದರೆ ಅದು ಬಿಡಲಾಗದ ಜೋಡಿ. ‘ದಿ ಎನ್ವಿರಾನ್‌ಮೆಂಟ್’ ಎಂದು ಪರಿಸರಕ್ಕೆ ಹೇಳುವುದು ಹೀಗೆ. ‘ಎ ಸೇಫ್ ಎನ್ವಿರಾನ್‌ಮೆಂಟ್’ ಎನ್ನುವಾಗಿನ ವಾತಾವರಣ ಬೇರೆ ಅಂಕಿಯ ಕೆಳಗಿದೆ.

ಈ ಗುರುತುಗಳಿಗೂ ಮಿತಿ ಇದೆ. ‘ನಾಲೆಜ್’ ಎಣಿಕೆಗೆ ಬರುವುದಿಲ್ಲ, ಬಹುವಚನವೂ ಇಲ್ಲ, ಆದರೂ ‘ಎ ಗುಡ್ ನಾಲೆಜ್ ಆಫ್ ಕೆಮಿಸ್ಟ್ರಿ’ ಸರಿ. ಆಕ್ಸ್‌ಫರ್ಡ್ ಅದಕ್ಕೆ ‘ಅನ್‌ಕೌಂಟಬಲ್, ಸಿಂಗ್ಯುಲರ್’ ಎಂದು ಎರಡೂ ಗುರುತು ಹಾಕುತ್ತದೆ. ಎರಡನೆಯದರ ಅರ್ಥ ತಿಳಿಯದವರಿಗೆ ಅದು ಒಗಟು. ‘ಬ್ರೇಕ್‌ಫಸ್ಟ್’ ಬೋಳಾಗಿ ಬರುತ್ತದೆ, ಮೊದಲು ವಿಶೇಷಣ ಬಂದರೆ ‘ಎ ಹೆವಿ ಬ್ರೇಕ್‌ಫಸ್ಟ್’. ವಿಶೇಷಣ ಸೇರಿದೊಡನೆ ಆ ಊಟ ಹಲವು ಬಗೆಗಳಲ್ಲಿ ಒಂದಾಗುತ್ತದೆ. ‘ಸ್ಕೂಲ್’, ‘ಪ್ರಿಸನ್’, ‘ಚರ್ಚ್’ ಇವುಗಳಲ್ಲಿ ಕಟ್ಟಡಕ್ಕೆ ‘ದಿ’, ಕಟ್ಟಡ ಯಾವ ಉದ್ದೇಶಕ್ಕೋ ಅದಕ್ಕಾಗಿ ಹೋದರೆ ಏನೂ ಬೇಡ. ಕೈದಿ ‘ಗೋಸ್ ಟು ಪ್ರಿಸನ್’, ಕೈದಿಯನ್ನು ನೋಡಲು ಹೋದವಳು ‘ಗೋಸ್ ಟು ದಿ ಪ್ರಿಸನ್’. ಇಲ್ಲಿ ಒಂದು ಮೂರಕ್ಷರದ ಪದ ಯಾರು ಒಳಗೆ, ಯಾರು ಹೊರಗೆ ಎಂದು ಹೇಳಿಬಿಡುತ್ತದೆ. ಆಸ್ಪತ್ರೆಗೆ ಮಾತ್ರ ಅಟ್ಲಾಂಟಿಕ್ ಅಡ್ಡ ಬರುತ್ತದೆ: ರೋಗಿ ಬ್ರಿಟನ್ನಿನಲ್ಲಿ ‘ಇನ್ ಹಾಸ್ಪಿಟಲ್’, ಅಮೆರಿಕದಲ್ಲಿ ‘ಇನ್ ದಿ ಹಾಸ್ಪಿಟಲ್’. ರೋಗಗಳ ಹೆಸರೂ ಬೇರೆಬೇರೆ ದಾರಿ ಹಿಡಿಯುತ್ತವೆ. ನೆಗಡಿ ‘ಎ ಕೋಲ್ಡ್’, ತಲೆನೋವು ‘ಎ ಹೆಡೇಕ್’, ಡಯಾಬಿಟಿಸ್‌ಗೆ ಏನೂ ಇಲ್ಲ. ಇಂಥವಕ್ಕೆ ತರ್ಕ ಹುಡುಕುವ ಬದಲು ಪ್ರತಿ ಸಲ ನಿಘಂಟಿನ ಉದಾಹರಣೆ ಸಾಲು ನೋಡುವುದೇ ಮೇಲು.

ಅಂಕಿತನಾಮಗಳು

ಮೇಲಿನ ಎರಡು ಉಪಕರಣಗಳೂ ಕೈಚೆಲ್ಲುವುದು ಇಲ್ಲಿ. ‘ಅಂಕಿತನಾಮಕ್ಕೆ ಆರ್ಟಿಕಲ್ ಬರುವುದಿಲ್ಲ’ ಎಂಬ ಒಂದು ಸಾಲು ಕಲಿತವರ ಬರಹದಲ್ಲಿ ನೈಲ್, ಪೆಸಿಫಿಕ್, ನೆದರ್ಲೆಂಡ್ಸ್ ಎಲ್ಲವೂ ಬೋಳು. ತಪಾಸಕಕ್ಕೆ ಹೆಸರು ಪರಿಚಯವಿಲ್ಲದಿದ್ದರೆ ಅದು ನದಿಯೋ ಊರೋ ಎಂದು ಹೇಗೆ ತಿಳಿಯಬೇಕು?

ಹೆಸರೊಳಗೆ ರೂಢನಾಮ ಅಡಗಿದೆಯೇ ಎಂದು ನೋಡುವುದು ಒಳ್ಳೆಯ ಕೀಲಿಕೈ. ‘ದಿ ನೈಲ್’ ಎಂಬಲ್ಲಿ ‘ರಿವರ್’, ‘ದಿ ಪೆಸಿಫಿಕ್’ ಎಂಬಲ್ಲಿ ‘ಓಷನ್’, ‘ದಿ ಸಹಾರಾ’ ಎಂಬಲ್ಲಿ ‘ಡೆಸರ್ಟ್’ ಅಡಗಿದೆ. ರೂಢನಾಮ ಹೇಳದೆ ಬಿಟ್ಟರೂ ಅದರ ‘ದಿ’ ಉಳಿದುಕೊಂಡಿದೆ. ಹೆಸರು ಬಹುವಚನವಾಗಿದ್ದರೆ ‘ದಿ’ ಬಹುತೇಕ ಖಚಿತ: ಹಿಮಾಲಯಾಸ್, ಮಾಲ್ಡೀವ್ಸ್, ಫಿಲಿಪೀನ್ಸ್, ನೆದರ್ಲೆಂಡ್ಸ್, ಒಂದು ಮನೆತನವನ್ನು ಒಟ್ಟಾಗಿ ಹೇಳುವಾಗ ‘ದಿ ಸ್ಮಿತ್ಸ್’. ನಡುವೆ ‘ಆಫ್’ ಬಂದರೂ ಹಾಗೆಯೇ: ‘ದಿ ಯೂನಿವರ್ಸಿಟಿ ಆಫ್ ಆಕ್ಸ್‌ಫರ್ಡ್’, ಆದರೆ ‘ಆಕ್ಸ್‌ಫರ್ಡ್ ಯೂನಿವರ್ಸಿಟಿ’ ಬೋಳು, ‘ದಿ ಬೇ ಆಫ್ ಬೆಂಗಾಲ್’, ‘ದಿ ಟವರ್ ಆಫ್ ಲಂಡನ್’. ಇದಕ್ಕೆ ವಿರುದ್ಧವಾಗಿ ‘ಲೇಕ್’, ‘ಮೌಂಟ್’ ಮೊದಲು ಬಂದರೆ ಬೇಡ: ‘ಲೇಕ್ ವಿಕ್ಟೋರಿಯಾ’, ‘ಮೌಂಟ್ ಎವರೆಸ್ಟ್’. ಒಂಟಿ ಶಿಖರಕ್ಕೆ ಬೇಡ ಎಂದುಕೊಂಡರೆ ಆಲ್ಪ್ಸ್‌ನ ‘ದಿ ಮ್ಯಾಟರ್‌ಹಾರ್ನ್’, ‘ದಿ ಐಗರ್’ ಎದುರು ನಿಲ್ಲುತ್ತವೆ. ಸೇತುವೆಗಳಲ್ಲಿ ‘ಲಂಡನ್ ಬ್ರಿಜ್’, ‘ಟವರ್ ಬ್ರಿಜ್’ ಬೋಳು, ‘ದಿ ಬ್ರೂಕ್ಲಿನ್ ಬ್ರಿಜ್’ಗೆ ‘ದಿ’. ರಸ್ತೆ, ನಿಲ್ದಾಣ, ವಿಮಾನನಿಲ್ದಾಣಗಳಿಗೆ ಸಾಮಾನ್ಯವಾಗಿ ಇಲ್ಲ. ಮ್ಯೂಸಿಯಂ, ಹೋಟೆಲ್, ಹಡಗುಗಳಿಗೆ ಸಾಮಾನ್ಯವಾಗಿ ಇದೆ. ದಕ್ಷಿಣ ಕ್ಯಾಲಿಫೋರ್ನಿಯಾದವರು ಹೆದ್ದಾರಿಯ ಅಂಕಿಗೂ ‘ದಿ’ ಸೇರಿಸಿ ‘ದಿ 405’ ಎನ್ನುತ್ತಾರೆ.

ಸಂಕ್ಷಿಪ್ತ ಹೆಸರುಗಳಲ್ಲಿ ಓದುವ ರೀತಿ ಮುಖ್ಯ. ಅಕ್ಷರ ಬಿಡಿಸಿ ಓದುವ ಸಂಸ್ಥೆಗಳಿಗೆ ‘ದಿ’: ‘ದಿ ಯುಎನ್’, ‘ದಿ ಬಿಬಿಸಿ’, ‘ದಿ ಡಬ್ಲ್ಯುಎಚ್‌ಒ’. ಒಂದೇ ಪದವಾಗಿ ಓದುವವಕ್ಕೆ ಇಲ್ಲ: ನಾಸಾ, ನ್ಯಾಟೋ, ಯುನೆಸ್ಕೋ, ಯುನಿಸೆಫ್. ಕಂಪನಿಗಳಿಗೆ ಸಾಮಾನ್ಯವಾಗಿ ಬೇಡ, ಆದರೆ ಕೊನೆಗೆ ‘ಕಂಪನಿ’ ಪದ ಬಂದರೆ ‘ದಿ ಕೋಕ-ಕೋಲ ಕಂಪನಿ’ ಎಂಬಂತೆ ಮರಳಿ ಬರುತ್ತದೆ.

ದೇಶಗಳಲ್ಲಿ ಗ್ಯಾಂಬಿಯಾ ನದಿಯಿಂದ ಹೆಸರು ಪಡೆದದ್ದು, ಅದಕ್ಕೇ ‘ದಿ ಗ್ಯಾಂಬಿಯಾ’. ಬಹಾಮಾಸ್ ದ್ವೀಪಗುಚ್ಛ, ‘ದಿ ಬಹಾಮಾಸ್’. ಉಕ್ರೇನ್‌ಗೆ ಹಿಂದೆ ‘ದಿ’ ಹಾಕುವ ರೂಢಿ ಇತ್ತು. 1991ರಲ್ಲಿ ಸ್ವತಂತ್ರವಾದ ಮೇಲೆ ಅದನ್ನು ಬಿಡಲಾಯಿತು. ಪ್ರದೇಶದ ಹೆಸರಿನಂತೆ ಕೇಳಿಸುವ ಆ ಪದವನ್ನು ಉಕ್ರೇನಿಯನ್ನರು ಒಪ್ಪುವುದಿಲ್ಲ. ಹಳೆಯ ಪುಸ್ತಕ ನೋಡಿ ಬರೆಯುವವರು ಈ ಒಂದು ಕಡೆಯಾದರೂ ಎಚ್ಚರವಾಗಿರಬೇಕು. ಒಹಾಯೊ ಸ್ಟೇಟ್ ಯೂನಿವರ್ಸಿಟಿಗಂತೂ ಈ ಪದದ ಮೇಲೆ ಎಷ್ಟು ಮೋಹವೆಂದರೆ, ಬಟ್ಟೆ, ಟೋಪಿಗಳ ಮೇಲೆ ‘ದಿ’ ಬಳಸಲು 2022ರ ಜೂನ್‌ನಲ್ಲಿ ಅಮೆರಿಕದ ಟ್ರೇಡ್‌ಮಾರ್ಕ್ ನೋಂದಣಿಯನ್ನೇ ಪಡೆಯಿತು.

ವ್ಯಕ್ತಿಗಳ ಹೆಸರಿಗೂ ಆರ್ಟಿಕಲ್ ಬರುತ್ತದೆ, ಆಗ ಅರ್ಥ ತಿರುಗುತ್ತದೆ. ‘ಎ ಮಿಸ್ಟರ್ ಸ್ಮಿತ್ ಈಸ್ ವೇಟಿಂಗ್’ ಎಂದರೆ ಯಾರೋ ಸ್ಮಿತ್ ಅಂತೆ, ನನಗೆ ಗುರುತಿಲ್ಲ. ‘ಆ್ಯನ್ ಐನ್‌ಸ್ಟೈನ್’ ಎಂದರೆ ಅಂಥ ಬುದ್ಧಿವಂತ. ‘ಎ ಪಿಕಾಸೊ’ ಎಂದರೆ ಅವನು ಬರೆದ ಒಂದು ಚಿತ್ರ. ‘ದಿ ಯಂಗ್ ಐನ್‌ಸ್ಟೈನ್’ ಎಂದರೆ ಅವನ ಬದುಕಿನ ಒಂದು ಘಟ್ಟ. ಪದವಿ ಹೆಸರಿಗೆ ಅಂಟಿದರೆ ‘ಪ್ರೆಸಿಡೆಂಟ್ ಲಿಂಕನ್’, ಬಿಡಿಯಾಗಿ ನಿಂತರೆ ‘ದಿ ಪ್ರೆಸಿಡೆಂಟ್’, ಆಯ್ಕೆಯಾದ ಸುದ್ದಿಯಲ್ಲಿ ಏನೂ ಇಲ್ಲದೆ ‘ವಾಸ್ ಎಲೆಕ್ಟೆಡ್ ಪ್ರೆಸಿಡೆಂಟ್’. ಒಬ್ಬರಿಗೇ ಇರುವ ಹುದ್ದೆಗೆ ಆರಿಸುವಾಗ ಇಂಗ್ಲಿಷ್ ಹೀಗೆ ಉಳಿತಾಯ ಮಾಡುತ್ತದೆ.

ಹೆಸರನ್ನು ಎಲ್ಲಿ ಪರೀಕ್ಷಿಸಬೇಕು? ನಕ್ಷೆಯಲ್ಲಂತೂ ಅಲ್ಲ. ನಕ್ಷೆ, ಶೀರ್ಷಿಕೆ, ಫಲಕ, ಕೋಷ್ಟಕ, ಲೋಗೊ ಇವೆಲ್ಲ ಜಾಗ ಉಳಿಸಲು ಆರ್ಟಿಕಲ್ ಕಳಚುತ್ತವೆ. ನಕ್ಷೆಯಲ್ಲಿ ‘ಪೆಸಿಫಿಕ್ ಓಷನ್’ ಎಂದಷ್ಟೇ ಇರುವುದನ್ನು ವಾಕ್ಯಕ್ಕೆ ಹಾಗೇ ಎತ್ತಿಕೊಂಡು ಬರುವುದೇ ಈ ತಪ್ಪುಗಳ ದೊಡ್ಡ ಮೂಲ. ಇಂಗ್ಲಿಷ್ ವಿಕಿಪೀಡಿಯಾದ ಪುಟ ತೆರೆದು ತಲೆಬರಹ ಬಿಟ್ಟು ಮೊದಲ ವಾಕ್ಯ ಓದಿ. ತಲೆಬರಹದಲ್ಲಿ ಬರಿಯ ‘ನೆದರ್ಲೆಂಡ್ಸ್’ ಇದ್ದರೂ ಸಾಲು ‘ದಿ ನೆದರ್ಲೆಂಡ್ಸ್’ ಎಂದು ಶುರುವಾಗುತ್ತದೆ. ತಲೆಬರಹದಲ್ಲೇ ‘ದಿ’ ಇದ್ದರೆ, ದಿ ಹೇಗ್, ದಿ ಗ್ಯಾಂಬಿಯಾ, ದಿ ಬಹಾಮಾಸ್‌ಗಳಂತೆ, ಅದು ಹೆಸರಿನ ಭಾಗವೇ ಆಗಿದೆ ಎಂಬ ಸೂಚನೆ. ಮೊದಲ ವಾಕ್ಯದಲ್ಲಿ ‘ದಿ’ ದೊಡ್ಡಕ್ಷರದಲ್ಲೇ ಇರುವುದರಿಂದ, ನಡುವಾಕ್ಯದಲ್ಲಿ ಸಣ್ಣಕ್ಷರವೋ ದೊಡ್ಡಕ್ಷರವೋ ಎಂದು ತಿಳಿಯಲು ಎರಡನೆಯ ಪ್ಯಾರಾದವರೆಗೆ ಇಳಿಯಬೇಕು. ಅರ್ಧ ನಿಮಿಷದ ಕೆಲಸ, ಅಂಕಿತನಾಮಗಳಿಗೆ ಇದಕ್ಕಿಂತ ನಂಬಿಕಸ್ಥ ಬಿಟ್ಟಿ ಉಪಕರಣ ಇನ್ನೊಂದಿಲ್ಲ.

ಎಣಿಸುವ ಯಂತ್ರ, ಅನುವಾದಿಸುವ ಯಂತ್ರ

2010ರ ಡಿಸೆಂಬರ್‌ನಲ್ಲಿ ಬಂದ ಎನ್‌ಗ್ರಾಮ್ ವ್ಯೂವರ್ ಎರಡು ಪದಗುಚ್ಛಗಳಲ್ಲಿ ಯಾವುದು ಪುಸ್ತಕಗಳಲ್ಲಿ ಹೆಚ್ಚು ಎಂದು ಗೆರೆಚಿತ್ರದಲ್ಲಿ ತೋರಿಸುತ್ತದೆ. ಎರಡನ್ನೂ ಅಲ್ಪವಿರಾಮ ಹಾಕಿ ಕೊಡಿ, ಬ್ರಿಟಿಷ್ ಅಥವಾ ಅಮೆರಿಕನ್ ಸಂಗ್ರಹ ಆರಿಸಿ. ಐದು ಪದಕ್ಕಿಂತ ಉದ್ದದ ಗುಚ್ಛ ನಡೆಯದು. ಕನಿಷ್ಠ 40 ಪುಸ್ತಕಗಳಲ್ಲಿ ಇಲ್ಲದ್ದು ಕಾಣುವುದೇ ಇಲ್ಲ. ದೊಡ್ಡಕ್ಷರ, ಸಣ್ಣಕ್ಷರಗಳನ್ನು ಬೇರೆಬೇರೆಯಾಗಿ ಎಣಿಸುತ್ತದೆ ಎಂಬುದನ್ನು ಮರೆತರೆ ‘ದಿ’ ಲೆಕ್ಕ ತಪ್ಪುತ್ತದೆ. ಅದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ‘ಇನ್ ಹಾಸ್ಪಿಟಲ್’ ಎಂದು ಹುಡುಕಿದರೆ ‘ಇನ್ ಹಾಸ್ಪಿಟಲ್ ಬೆಡ್ಸ್’, ‘ಇನ್ ಹಾಸ್ಪಿಟಲ್ ಕೇರ್’ ಎಲ್ಲವೂ ಲೆಕ್ಕಕ್ಕೆ ಸೇರಿ ಆರ್ಟಿಕಲ್ ಇಲ್ಲದ ರೂಪ ಇರುವುದಕ್ಕಿಂತ ಎತ್ತರ ಕಾಣುತ್ತದೆ. ಹಿಂದೆ ಮುಂದೆ ಒಂದೊಂದು ಪದ ಕಟ್ಟಿ ‘ವಾಸ್ ಇನ್ ಹಾಸ್ಪಿಟಲ್ ಫಾರ್’ ಮತ್ತು ‘ವಾಸ್ ಇನ್ ದಿ ಹಾಸ್ಪಿಟಲ್ ಫಾರ್’ ಎಂದು ಕೊಟ್ಟರೆ ಹೋಲಿಕೆ ನ್ಯಾಯವಾಗುತ್ತದೆ. ಎರಡನೆಯದು ಸರಿಯಾಗಿ ಐದು ಪದವಾಗಿ ಮಿತಿಯೊಳಗೇ ನಿಲ್ಲುತ್ತದೆ.

ಅನುವಾದ ಯಂತ್ರಕ್ಕೆ ‘ನಾಯಿ ಬೊಗಳುತ್ತಿದೆ’ ಎಂದು ಕೊಟ್ಟರೆ ಅದು ‘ಎ ಡಾಗ್’ ಅಥವಾ ‘ದಿ ಡಾಗ್’ ಎರಡರಲ್ಲಿ ಒಂದನ್ನು ಊಹಿಸಲೇಬೇಕು. ಕನ್ನಡ ಸಾಲು ಅದನ್ನು ಹೇಳಿಲ್ಲ. ಹಾಗಾಗಿ ಯಂತ್ರಕ್ಕೆ ಕೊಡುವ ಕನ್ನಡದಲ್ಲೇ ‘ಯಾವುದೋ ನಾಯಿ’ ಅಥವಾ ‘ಆ ನಾಯಿ’ ಎಂದು ಬಿಡಿಸಿ ಬರೆದರೆ ಫಲ ಎಷ್ಟೋ ಮೇಲು. ಬರೆದ ಇಂಗ್ಲಿಷನ್ನು ತಿರುಗಿ ಕನ್ನಡಕ್ಕೆ ಹಾಕಿ ಪರೀಕ್ಷಿಸುವ ಉಪಾಯ ಬೇರೆ ತಪ್ಪುಗಳಿಗೆ ಆದೀತು, ಇದಕ್ಕಾಗದು. ‘ಎ’ ಇದ್ದರೂ ‘ದಿ’ ಇದ್ದರೂ ಸಾಮಾನ್ಯವಾಗಿ ಹೊರಬರುವುದು ಅದೇ ‘ನಾಯಿ’.

ಎಐ ಚಾಟ್‌ಗೆ ‘ತಿದ್ದಿಕೊಡು’ ಎಂದರೆ ಆರ್ಟಿಕಲ್ ಜೊತೆ ಕೇಳದ ಪದಗಳನ್ನೂ ಬದಲಿಸುತ್ತದೆ. ಯಾಕೆ ಎಂದು ಕೇಳಿದರೆ ಸರಿಯಾದ ತಿದ್ದುಪಡಿಗೆ ತಪ್ಪು ಕಾರಣ ಕೊಡುವುದೂ ಉಂಟು. ಅದನ್ನು ಬಳಸುವ ಉತ್ತಮ ಬಗೆ ಬೇರೆ: ಒಂದೇ ವಾಕ್ಯವನ್ನು ‘ಎ’ ಹಾಕಿ, ‘ದಿ’ ಹಾಕಿ, ಏನೂ ಹಾಕದೆ ಮೂರು ರೀತಿ ಬರೆದು ಕೊಟ್ಟು, ಇವುಗಳಿಂದ ಓದುಗನಿಗೆ ಬೇರೆಬೇರೆಯಾಗಿ ಏನು ತಿಳಿಯುತ್ತದೆ ಎಂದು ಕೇಳುವುದು. ‘ವಿ ಹೈರ್ಡ್ ದಿ ಎಂಜಿನಿಯರ್’ ಎಂಬುದಕ್ಕೆ ‘ಯಾವ ಎಂಜಿನಿಯರ್ ಎಂದು ಓದುಗನಿಗೆ ಮೊದಲೇ ಗೊತ್ತು’ ಎಂಬ ಉತ್ತರ ಬಂದು, ನಿಮ್ಮ ಪತ್ರದಲ್ಲಿ ಆ ಎಂಜಿನಿಯರ್ ಪ್ರಸ್ತಾಪ ಅದೇ ಮೊದಲಾಗಿದ್ದರೆ, ಅಲ್ಲಿ ‘ಆ್ಯನ್’ ಇರಬೇಕಿತ್ತು.